ಪಂಡಿತಾ ರಮಾಬಾಯಿಯವರು: ಪರೀಕ್ಷೆಯಲ್ಲಿ ಗೆದ್ದ ಮೇಲೆ

ಶಾಲೆಯ ಸ್ಮರಣ ಸಂಚಿಕೆಯು ಕೈಸೇರಿದೊಡನೆ ಹಳೆಯ ವಿದ್ಯಾರ್ಥಿನಿಯರು ಮೊದಲು ತೆರೆದು ನೋಡುವುದು ಬಹುಮಾನ ಪಡೆದವರ ಪಟ್ಟಿಯನ್ನು ಎಂದರೆ ತಪ್ಪಾಗಲಾರದು. ಕಂಠಪಾಠ, ಪ್ರಬಂಧ ರಚನೆ, ಭಾಷಣ, ಸಂಗೀತ, ಚಿತ್ರಲೇಖನ, ಕಸೂತಿ, ಸತ್ಯವೇದದ ಪರೀಕ್ಷೆ ಮೊದಲಾದ ಸ್ಪರ್ಧೆಗಳು ನಮ್ಮ ಕನ್ಯಾಶಾಲೆಗಳಲ್ಲಿ ಬಹುಕಾಲದಿಂದ ನಡೆದು ಬಂದಿವೆ. ಈಗಲಾದರೋ ಸರ್ಕಾರದ ಪ್ರತಿಭಾ ಕಾರಂಜಿಯೂ, ವಿಜ್ಞಾನದ ಪ್ರದರ್ಶನಗಳೂ, ರಸಪ್ರಶ್ನೆಯ ಪಂದ್ಯಗಳೂ ಅವುಗಳೊಡನೆ ಸೇರಿವೆ. ಹುಣಸೂರು ರಸ್ತೆಯ ಮೇಲಿರುವ ನಮ್ಮ ಹಿನಕಲ್ ಹಿಂದೆ ಮೈಸೂರಿನ ಹೊರಗಿನ ಹಳ್ಳಿಯಾಗಿದ್ದು ಈಗ ನಗರದೊಡನೆ ಬೆಸೆದುಕೊಂಡಿದೆ. ಇಲ್ಲಿಯ ಮನೆಗಳಲ್ಲಿಯೂ ಸ್ಪರ್ಧೆಯ ದಿನ ಸಮೀಪಿಸಿತೆಂದರೆ ತಾಯಂದಿರಿಗೆ ನಿದ್ರೆ ಇರದು.

ಇಂತಹ ಸಮಯಗಳಲ್ಲಿ ತಂದೆತಾಯಿಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು ಮೂರು. ಗೆದ್ದ ಹುಡುಗಿಗೆ ಆ ಬಹುಮಾನದಿಂದ ಮುಂದೆ ಆಗುವ ಪ್ರಯೋಜನವೇನು? ಸೋತವಳ ಮನಸ್ಸನ್ನು ಸಂತೈಸುವುದು ಹೇಗೆ? ಯಾವುದೋ ಕಾರಣದಿಂದ ಶಾಲೆಯನ್ನು ಬಿಟ್ಟು ಮನೆಯಲ್ಲಿಯೇ ತಾಯಿತಂದೆಗಳಿಂದ ಕಲಿಯುತ್ತಿರುವ ಮಗುವು ಇತರರ ಸಮಕ್ಕೆ ನಿಲ್ಲಬಲ್ಲುದೇ? ಈ ಪ್ರಶ್ನೆಗಳಿಗೆ ಉಪದೇಶದ ಮಾತುಗಳಿಂದ ಉತ್ತರ ಕೊಡುವುದಕ್ಕಿಂತ, ಒಂದು ದಿನವೂ ಪಾಠಶಾಲೆಯಲ್ಲಿ ಕುಳಿತು ಕಲಿಯದೆ ತನ್ನ 20ನೆಯ ವರ್ಷದಲ್ಲಿ ಕಲಕತ್ತೆಯ ಪಂಡಿತರ ಮುಂದೆ ಪರೀಕ್ಷೆಗೆ ನಿಂತು ಗೆದ್ದ ಒಬ್ಬ ಮಹಿಳೆಯ ಚರಿತ್ರೆಯನ್ನು ಹೇಳುವುದೇ ಲೇಸೆಂದು ನಾವು ಭಾವಿಸಿದೆವು. ಆಕೆಯು ನಮ್ಮ ಕನ್ನಡನಾಡಿನ ಕಾಡಿನಲ್ಲಿ ಹುಟ್ಟಿದವರು. ಅವರೇ ಪಂಡಿತಾ ರಮಾಬಾಯಿಯವರು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಎಂಬ ಗ್ರಾಮದವರು, ಚಿತ್ಪಾವನ ಬ್ರಾಹ್ಮಣರು. ಯೌವನದಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳೆಂಬ ವಿದ್ವಾಂಸರಲ್ಲಿ ಸಂಸ್ಕೃತವನ್ನು ವ್ಯಾಸಂಗ ಮಾಡಿದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜಿರಾಯರ ರಾಣಿಯವರಿಗೂ ಪಾಠ ಹೇಳುತ್ತಿದ್ದರು. ಒಬ್ಬ ಸ್ತ್ರೀಯ ಬಾಯಿಂದ ಸಂಸ್ಕೃತ ಶ್ಲೋಕಗಳು ಶುದ್ಧವಾಗಿ ಹೊರಡುವುದನ್ನು ಕೇಳಿದ ಶಿಷ್ಯನು, ತಾನೂ ತನ್ನ ಪತ್ನಿಗೆ ವಿದ್ಯೆ ಕಲಿಸಬೇಕೆಂದು ಅಂದೇ ಸಂಕಲ್ಪಿಸಿಕೊಂಡನು. ಅನಂತಶಾಸ್ತ್ರಿಗಳು ಮೈಸೂರು ಆಸ್ಥಾನದಲ್ಲಿಯೂ ಕೆಲಕಾಲ ಮನ್ನಣೆ ಪಡೆದಿದ್ದರೆಂದು ಅವರ ಮನೆತನದ ಚರಿತ್ರೆಯು ತಿಳಿಸುತ್ತದೆ. ಮೊದಲ ಪತ್ನಿಯ ವಿಷಯದಲ್ಲಿ ಆ ಸಂಕಲ್ಪವು ಕೈಗೂಡಲಿಲ್ಲ. ಆಕೆಯು ತೀರಿಕೊಂಡ ಮೇಲೆ ನಡುವಯಸ್ಸಿನಲ್ಲಿ ಅವರು ಲಕ್ಷ್ಮೀಬಾಯಿ ಎಂಬ ಒಂಬತ್ತು ವರ್ಷದ ಬಾಲಿಕೆಯನ್ನು ಆ ಕಾಲದ ರೂಢಿಯಂತೆ ವಿವಾಹವಾಗಿ, ಊರಿಗೆ ಕರೆತಂದು ಅಕ್ಷರಾಭ್ಯಾಸವನ್ನು ಆರಂಭಿಸಿದರು.

ಊರಿನವರು ಸುಮ್ಮನಿರಲಿಲ್ಲ. ಹೆಂಗಸಿಗೆ ದೇವಭಾಷೆಯನ್ನು ಕಲಿಸುವುದು ಶಾಸ್ತ್ರವಿರೋಧವೆಂದು ದೂರು ಹುಟ್ಟಿತು. ಶಾಸ್ತ್ರಿಗಳು ಉಡುಪಿಯಲ್ಲಿ ಕೂಡಿದ ಪಂಡಿತಸಭೆಯ ಮುಂದೆ ನಿಂತು ತಮ್ಮ ನಡತೆಗೆ ಆಧಾರವನ್ನು ತೋರಿಸಬೇಕಾಯಿತು. ಅವರು ಗ್ರಂಥಗಳಿಂದ ಪ್ರಮಾಣಗಳನ್ನು ಆಯ್ದು ಒಡ್ಡಿ, ವೇದವೊಂದನ್ನುಳಿದು ಮಿಕ್ಕ ಸಂಸ್ಕೃತ ವಿದ್ಯೆಯು ಸ್ತ್ರೀಯರಿಗೆ ನಿಷಿದ್ಧವಲ್ಲವೆಂದು ವಾದಿಸಿ ಸಭೆಯನ್ನು ಒಪ್ಪಿಸಿದರು. ಹೀಗೆ ಮಗಳು ಹುಟ್ಟುವುದಕ್ಕೆ ಮುಂಚೆಯೇ ಆಕೆಯ ವಿದ್ಯೆಗಾಗಿ ಒಂದು ಪರೀಕ್ಷೆಯು ನಡೆದುಹೋಗಿತ್ತು. ಅದರಲ್ಲಿ ನಿಂತವನು ತಂದೆ. ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವ ತಂದೆಯಂದಿರು ಇದನ್ನು ನೆನೆಯಬೇಕೆಂದು ನಮ್ಮ ಪ್ರಾರ್ಥನೆ.

ಸಭೆಯು ಒಪ್ಪಿದರೂ ಜನರ ಮನಸ್ಸು ಒಪ್ಪಲಿಲ್ಲವಾಗಿ, ಶಾಸ್ತ್ರಿಗಳು ಪಶ್ಚಿಮಘಟ್ಟದ ನಡುವೆ, ತುಂಗಾ ಭದ್ರಾ ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದಲ್ಲಿ ಕಾಡನ್ನು ಕಡಿದು ಮನೆಯನ್ನು ಕಟ್ಟಿಕೊಂಡರು. ಹುಲಿಗಳ ಕೂಗು ಕೇಳುತ್ತಿದ್ದ ಆ ಕಾಡಿನಲ್ಲಿ ದಂಪತಿಗಳು ಪಾಠವನ್ನು ಮುಂದುವರಿಸಿದರು. ದೂರದೂರದಿಂದ ಶಿಷ್ಯರೂ ಬಂದು ಸೇರಿದರು. ಅಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ಅತಿಥಿಗಳಿಗೆ ಅನ್ನವಿಟ್ಟು ಇಟ್ಟು ಶಾಸ್ತ್ರಿಗಳ ಆಸ್ತಿಯು ಕರಗಿಹೋದುದರಿಂದ, ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬವು ಆ ಸ್ಥಳವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರಂತೆ. ಆ ದಿನದಿಂದ ಆಕೆಗೆ ನೆಲೆಯಾದ ಮನೆಯೆಂಬುದಿಲ್ಲ.

ಮನೆಯಿಲ್ಲದಿದ್ದರೂ ಪಾಠವಿತ್ತು. ತಂದೆಗೆ ವೃದ್ಧಾಪ್ಯವು ಬಂದುದರಿಂದ ಕಲಿಸುವ ಭಾರವು ತಾಯಿಯದಾಯಿತು. ಲಕ್ಷ್ಮೀಬಾಯಿಯವರು ಹಗಲೆಲ್ಲ ಮನೆಗೆಲಸದಲ್ಲಿಯೂ ಪ್ರಯಾಣದಲ್ಲಿಯೂ ಬಿಡುವಿಲ್ಲದವರು. ಆದುದರಿಂದ ಬೆಳಕು ಹರಿಯುವುದಕ್ಕೆ ಮುಂಚೆಯೇ ಎದ್ದು, ನಿದ್ರಿಸುತ್ತಿರುವ ಮಗಳನ್ನು ಮಡಿಲಿಗೆ ಎತ್ತಿಕೊಂಡು ಮುದ್ದು ಮಾತುಗಳಿಂದ ಎಚ್ಚರಿಸಿ, ಹಕ್ಕಿಗಳು ಕೂಗಲಾರಂಭಿಸುವ ಆ ಹೊತ್ತಿನಲ್ಲಿ ಶ್ಲೋಕಗಳನ್ನು ಹೇಳಿಕೊಡುತ್ತಿದ್ದರು. ಪುಸ್ತಕ, ಹಲಗೆ, ಬಳಪಗಳ ಸಹಾಯ ಅಷ್ಟಾಗಿ ಇರಲಿಲ್ಲ; ಎಲ್ಲವೂ ಬಾಯಿಂದ ಕಿವಿಗೆ, ಕಿವಿಯಿಂದ ಮನಸ್ಸಿಗೆ. 12 ವರ್ಷ ತುಂಬುವುದರೊಳಗೆ ಭಾಗವತದ 18,000 ಶ್ಲೋಕಗಳು ಆಕೆಗೆ ಕಂಠಸ್ಥವಾಗಿದ್ದುವು. ತೀರ್ಥಕ್ಷೇತ್ರಗಳಲ್ಲಿ ಕುಟುಂಬದವರು ಪುರಾಣವನ್ನು ಓದಿ ಭಕ್ತರು ಕೊಡುತ್ತಿದ್ದ ಕಾಣಿಕೆಯಿಂದ ಜೀವಿಸುತ್ತಿದ್ದರು. ಊರೂರು ತಿರುಗಿದ ಫಲವಾಗಿ ಆಕೆಗೆ ಮರಾಠಿಯೊಡನೆ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳೂ ಬಂದುವು. ಆ ಬಾಲಿಕೆಯ ಮುಂದೆ ಬಹುಮಾನವೂ ಇರಲಿಲ್ಲ, ಓಡಿ ಮುಂದಾಗಬೇಕಾದ ಸಂಗಡಿಗರೂ ಇರಲಿಲ್ಲ. ತಾಯಿಯ ಪ್ರೀತಿಯೇ ಪಾಠದ ರುಚಿಯಾಗಿತ್ತು.

ಅನಂತರ ಬಂದುದು ಕಷ್ಟದ ಕಾಲ. 1874ರ ಸುಮಾರಿಗೆ ದಕ್ಷಿಣ ದೇಶದಲ್ಲಿ ಕ್ಷಾಮವು ತಲೆದೋರಿತು. ಪುರಾಣ ಕೇಳುವವರಿಗೇ ಅನ್ನವಿಲ್ಲದಿರುವಾಗ ಹೇಳುವವರಿಗೆ ಕೊಡುವವರಾರು? ಪಾತ್ರೆ ಬಟ್ಟೆಗಳನ್ನು ಮಾರಿದರು. ಎಲೆಗಳನ್ನು ತಿಂದು ದಿನ ಕಳೆದರು. ಮೊದಲು ತಂದೆ, ಕೆಲವು ವಾರಗಳೊಳಗೆ ತಾಯಿ, ಬಳಿಕ ಅಕ್ಕ ಕೃಷ್ಣಾಬಾಯಿ ಕಣ್ಮುಚ್ಚಿದರು. ತಾಯಿಯ ಶವವನ್ನು ಹೊರುವುದಕ್ಕೆ ಸಾಕಷ್ಟು ಜನ ದೊರೆಯದುದರಿಂದ ಮಗಳೇ ಹೆಗಲು ಕೊಡಬೇಕಾಯಿತು. ಆಕೆಯು ಕುಳ್ಳಾಗಿದ್ದುದರಿಂದ ಚಟ್ಟದ ಕೊನೆಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದರು. ಉಳಿದವರು ರಮಾಬಾಯಿಯವರೂ ಅಣ್ಣ ಶ್ರೀನಿವಾಸನೂ ಇಬ್ಬರೇ. ಅವರು ಬರಿಗಾಲಿನಲ್ಲಿ, ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಉತ್ತರದ ಕಾಶ್ಮೀರದವರೆಗೂ ಪೂರ್ವದ ಬಂಗಾಳದವರೆಗೂ ಸಾವಿರಾರು ಮೈಲಿಗಳನ್ನು ನಡೆದರು.

1878ರಲ್ಲಿ ಅಣ್ಣತಂಗಿಯರು ಕಲಕತ್ತೆಯನ್ನು ಮುಟ್ಟಿದರು. ಸಂಸ್ಕೃತವನ್ನು ಮಾತೃಭಾಷೆಯಂತೆ ಆಡುವ ತರುಣಿಯೊಬ್ಬಳು ಬಂದಿರುವಳೆಂಬ ಸುದ್ದಿಯು ಹರಡಲು, ವಿದ್ವಾಂಸರಿಗೆ ಕುತೂಹಲ ಹುಟ್ಟಿ, ವಿಶ್ವವಿದ್ಯಾನಿಲಯದ ಸೆನೆಟ್ ಭವನದಲ್ಲಿ ಆಕೆಯನ್ನು ಪರೀಕ್ಷಿಸುವುದಕ್ಕಾಗಿ ಸಭೆ ಸೇರಿತು. ಸಂಸ್ಕೃತ ಕಾಲೇಜಿನ ಮಹೇಶಚಂದ್ರ ನ್ಯಾಯರತ್ನರೇ ಮೊದಲಾದ ದೇಶೀಯ ಪಂಡಿತರೂ, ಸಂಸ್ಕೃತವನ್ನು ಬಲ್ಲ ಇಂಗ್ಲಿಷ್ ಪ್ರಾಧ್ಯಾಪಕರೂ ಪ್ರಶ್ನೆಗಳನ್ನು ಹಾಕಿದರು. ಆಕೆಯು ಸಂಸ್ಕೃತದಲ್ಲಿಯೇ ಉತ್ತರ ಕೊಟ್ಟರು. ನಿಂತ ನಿಲುವಿನಲ್ಲಿ ಶ್ಲೋಕಗಳನ್ನು ಕಟ್ಟಿ ಹೇಳಿದರು. ಮಡಿಲಲ್ಲಿ ಮಲಗಿ ನಸುಕಿನಲ್ಲಿ ಕಲಿತ ಪಾಠವು ಆ ಮಹಾಸಭೆಯಲ್ಲಿ ಒಂದಕ್ಷರವೂ ತಪ್ಪದೆ ಹೊರಟಿತು. ಪಂಡಿತರು ಮೆಚ್ಚಿ ಆಕೆಗೆ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. ಅಂದಿನವರೆಗೆ ಅಂತಹ ಗೌರವವು ಪುರುಷರಿಗೇ ಮೀಸಲಾಗಿದ್ದುದು.

ಈ ಕಥೆಯನ್ನು ಅನೇಕರು ಇಲ್ಲಿಗೇ ನಿಲ್ಲಿಸಿಬಿಡುವರು. ಬಹುಮಾನ ದೊರೆಯಿತು, ಚಪ್ಪಾಳೆಯಾಯಿತು, ಹೆಸರು ಪತ್ರಿಕೆಗಳಲ್ಲಿ ಬಂದಿತು, ಇನ್ನೇನು ಬೇಕು? ಆದರೆ ರಮಾಬಾಯಿಯವರ ನಿಜವಾದ ಪರೀಕ್ಷೆಯು ಆರಂಭವಾದುದು ಆಮೇಲೆಯೇ ಎಂದು ನಮ್ಮ ಎಣಿಕೆ.

ಬಿರುದು ಬಂದ ಬಳಿಕ ಆಕೆಯನ್ನು ಅಂತಃಪುರದ ಸ್ತ್ರೀಯರಿಗೆ ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಕೇಳಿಕೊಂಡರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದುತ್ತ ಹೋದಂತೆ, ನೂರು ವಿಷಯಗಳಲ್ಲಿ ಒಂದಕ್ಕೊಂದು ಒಪ್ಪದ ಆ ಗ್ರಂಥಗಳು ಸ್ತ್ರೀಯು ಕೀಳೆಂಬ ಒಂದು ವಿಷಯದಲ್ಲಿ ಮಾತ್ರ ಒಪ್ಪಿರುವುದನ್ನು ಕಂಡು ಆಕೆಗೆ ವ್ಯಥೆಯುಂಟಾಯಿತು. ಬ್ರಹ್ಮಸಮಾಜದ ಮುಖಂಡರಾದ ಕೇಶವಚಂದ್ರಸೇನರು ವೇದದ ಒಂದು ಪ್ರತಿಯನ್ನು ಕೊಟ್ಟು ಓದೆಂದಾಗ, ತಂದೆಯೂ ಮುಟ್ಟಗೊಡದಿದ್ದ ಬಾಗಿಲು ಅದೆಂದು ಮೊದಲು ಅಂಜಿ, ಆಮೇಲೆ ಧೈರ್ಯ ತಂದುಕೊಂಡು ಓದಿದರು. ತನಗೆ ದೊರೆತ ವಿದ್ಯೆಯು ದೇಶದ ಲಕ್ಷಾಂತರ ಸ್ತ್ರೀಯರಿಗೆ ಏಕೆ ದೊರೆಯಬಾರದೆಂಬ ಪ್ರಶ್ನೆಯು ಆಗ ಹುಟ್ಟಿ ಸಾಯುವವರೆಗೂ ಆಕೆಯನ್ನು ಬಿಡಲಿಲ್ಲ.

1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳದ ವಕೀಲರನ್ನು, ಜಾತಿಯ ಕಟ್ಟನ್ನು ದಾಟಿ, ವಿವಾಹವಾದರು. 1881ರ ಏಪ್ರಿಲಿನಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು. 24 ತುಂಬದ ವಿಧವೆಯು ಕೈಗೂಸಿನೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಸರ್ಕಾರವು ನೇಮಿಸಿದ್ದ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷ್ಯವನ್ನಿತ್ತು, ಕನ್ಯಾಶಾಲೆಗಳಿಗೆ ಉಪಾಧ್ಯಾಯಿನಿಯರನ್ನು ಸಿದ್ಧಪಡಿಸಬೇಕೆಂತಲೂ, ಸ್ತ್ರೀಯರಿಗೆ ವೈದ್ಯವಿದ್ಯೆಯ ಬಾಗಿಲನ್ನು ತೆರೆಯಬೇಕೆಂತಲೂ ಕೋರಿದರು. ಇಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ ವೈದ್ಯೆಯರೂ ಇರುವರು. ಅವರೆಲ್ಲರೂ ಆ ಕೋರಿಕೆಯ ಫಲವನ್ನು ಉಣ್ಣುತ್ತಿರುವವರೇ.

ವೈದ್ಯವಿದ್ಯೆಯನ್ನು ತಾವೇ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಒಂದು ಸೋಲು ಕಾದಿತ್ತು. ಕಿವಿಯು ಮಂದವಾದುದರಿಂದ ವೈದ್ಯಶಾಲೆಗೆ ಸೇರುವ ಆಸೆಯನ್ನು ಬಿಡಬೇಕಾಯಿತು. ಸಾವಿರಾರು ಶ್ಲೋಕಗಳನ್ನು ಕೇಳಿ ಕಲಿತ ಕಿವಿಯೇ ಅಡ್ಡಿಯಾಯಿತು! ಆದರೆ ಆಕೆಯು ಅಳುತ್ತ ಕುಳಿತುಕೊಳ್ಳಲಿಲ್ಲ. ವಾಂಟೇಜಿನ ಕನ್ಯಾಸ್ತ್ರೀಯರ ಆಶ್ರಯದಲ್ಲಿದ್ದು, ಪತಿತೆಯರಾದ ಸ್ತ್ರೀಯರನ್ನು ಅವರು ಪ್ರೀತಿಯಿಂದ ಉದ್ಧರಿಸುತ್ತಿದ್ದುದನ್ನು ಕಂಡು, ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಕರ್ತನ ಚರಿತ್ರೆಯನ್ನು ಓದಿ ಮನಸ್ಸು ಕರಗಿ, 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಮುಂದೆ ಚೆಲ್ಟನ್ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಡೊರೋತಿಯಾ ಬೀಲ್ ಎಂಬ ಪ್ರಸಿದ್ಧ ಮುಖ್ಯೋಪಾಧ್ಯಾಯಿನಿಯ ಬಳಿ ವ್ಯಾಸಂಗ ಮಾಡುತ್ತ, ಸಂಸ್ಕೃತವನ್ನು ಕಲಿಸಿದರು. ಪುರುಷ ವಿದ್ಯಾರ್ಥಿಗಳಿಗೆ ಆಕೆಯು ಪಾಠ ಹೇಳುವುದು ಯುಕ್ತವಲ್ಲವೆಂದು ಸಭೆಯ ಹಿರಿಯರಲ್ಲಿ ಕೆಲವರು ಆಕ್ಷೇಪಿಸಲು, ವಿನಯವನ್ನು ಬಿಡದೆ ಆದರೆ ತಲೆಯನ್ನೂ ಬಾಗಿಸದೆ ಪತ್ರಮುಖೇನ ವಾದಿಸಿದರು. ಕ್ರಿಸ್ತನನ್ನು ಒಪ್ಪಿದ ಮೇಲೆಯೂ ವಿವೇಚನೆಯನ್ನು ಇನ್ನೊಬ್ಬರಿಗೆ ಒಪ್ಪಿಸಲಿಲ್ಲವೆಂಬುದು ಗಮನಿಸತಕ್ಕ ವಿಷಯ.

1886ರ ಮಾರ್ಚ್ 11ರಂದು ಅಮೆರಿಕದ ಫಿಲಡೆಲ್ಫಿಯದಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯ ಪದವಿಯನ್ನು ಪಡೆದರು. ತನಗೆ ತಪ್ಪಿದ ಪದವಿಯನ್ನು ತನ್ನ ನಾಡಿನ ಇನ್ನೊಬ್ಬ ಹೆಣ್ಣುಮಗಳು ಪಡೆಯುವುದನ್ನು ಕಣ್ಣಾರೆ ಕಂಡು ಸಂತೋಷಪಡುವುದಕ್ಕಾಗಿ ರಮಾಬಾಯಿಯವರು ಸಮುದ್ರವನ್ನು ದಾಟಿ ಹೋದರು. ಸ್ಪರ್ಧೆಯಲ್ಲಿ ಹಿಂದುಳಿದ ಹುಡುಗಿಗೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನಮಗೆ ಬೇರೊಂದು ತೋರದು. ಗೆಳತಿಯ ಗೆಲವಿನಲ್ಲಿ ಮನಸಾರೆ ಹಿಗ್ಗುವವಳು ಸೋತವಳಲ್ಲ.

ಅಮೆರಿಕದಲ್ಲಿ ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಫ್ರೋಬೆಲರ ಪದ್ಧತಿಯನ್ನು ಅಭ್ಯಾಸ ಮಾಡಿದರು. ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಬರೆದು 1887ರಲ್ಲಿ ಪ್ರಕಟಿಸಿದರು. ಅದನ್ನು ಓದಿ ಕನಿಕರಗೊಂಡವರು ಬಾಸ್ಟನ್ ನಗರದಲ್ಲಿ ಒಂದು ಸಂಘವನ್ನೇ ಸ್ಥಾಪಿಸಿ ಹತ್ತು ವರ್ಷಗಳ ಸಹಾಯವನ್ನು ವಾಗ್ದಾನ ಮಾಡಿದರು. ಹಿಂದಿರುಗಿ ಬಂದು 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮೊದಲು ಬಂದ ವಿಧವೆಯರಲ್ಲಿ ಗೋದೂಬಾಯಿ ಎಂಬಾಕೆಯು ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾಗಿ, 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಆ ಮಹನೀಯರಿಗೆ ಸಹಧರ್ಮಿಣಿಯಾದರು. ಒಂದು ಹಣತೆಯಿಂದ ಇನ್ನೊಂದು ಹಣತೆ ಹತ್ತುವ ಬಗೆ ಇದು.

ಹೊಗಳಿಕೆಯ ಬೆಲೆಯೇನೆಂಬುದನ್ನೂ ಆ ವರ್ಷಗಳೇ ತೋರಿಸಿದುವು. ಹಿಂದೆ ಸರಸ್ವತಿಯೆಂದು ಕೊಂಡಾಡಿದ ಸಮಾಜವು, ಆಕೆಯು ಕ್ರೈಸ್ತಳಾದಳೆಂದು ತಿಳಿದಾಗ ಬೆನ್ನು ತಿರುಗಿಸಿತು. 1890ರಲ್ಲಿ ಸದನವು ಪುಣೆಗೆ ಬಂದ ಮೇಲೆ, ಅಲ್ಲಿಯ ಬಾಲಿಕೆಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕುಳಿತುಕೊಳ್ಳುವರೆಂಬ ಕಾರಣದಿಂದ ಕೋಲಾಹಲವೆದ್ದು, 1893ರಲ್ಲಿ ಸಲಹಾಮಂಡಲಿಯ ಸದಸ್ಯರು ರಾಜೀನಾಮೆಯಿತ್ತರು; ಅನೇಕ ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಬಲವಂತದಿಂದ ಯಾರನ್ನೂ ಮತಾಂತರಿಸಿಲ್ಲವೆಂದು ಆಕೆಯು ಹೇಳಿದರೂ, ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸುವುದನ್ನು ಬಿಡಲಿಲ್ಲ. ಮಕ್ಕಳ ಮತವನ್ನು ಕುರಿತು ತಂದೆತಾಯಿಗಳಿಗೆ ಹುಟ್ಟಿದ ಆತಂಕವು ನಿಜವಾದುದೇ. ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಬಿರುದು ಕೊಟ್ಟವರು ಮುಖ ತಿರುಗಿಸಿದ ದಿನವೂ ಆಕೆಯ ಕೆಲಸ ನಿಲ್ಲಲಿಲ್ಲವೆಂಬುದನ್ನು ಯಾವ ಮತದವರೂ ಮೆಚ್ಚಬೇಕು.

1896-97ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಕ್ಷಾಮವು ಬಂದಿತು. ಹಸಿವು ಏನೆಂಬುದನ್ನು ಬಲ್ಲ ರಮಾಬಾಯಿಯವರು ತಾವೇ ಅಲ್ಲಿಗೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವ್ ಎಂಬಲ್ಲಿ ಮುಕ್ತಿ ಎಂಬ ಆಶ್ರಮದಲ್ಲಿ ಇರಿಸಿದರು. 1900ರ ಕ್ಷಾಮದ ಬಳಿಕ ಅಲ್ಲಿಯವರ ಸಂಖ್ಯೆಯು 2,000ಕ್ಕೆ ಸಮೀಪವಾಯಿತು. ಅಲ್ಲಿ ಓದುಬರಹದೊಡನೆ ನೇಯ್ಗೆ, ಹೊಲಿಗೆ, ಬೇಸಾಯ, ಎಣ್ಣೆ ತೆಗೆಯುವುದು, ಅಚ್ಚಿನ ಕೆಲಸ ಮೊದಲಾದುವನ್ನು ಕಲಿಸಿದರು. ಕಣ್ಣಿಲ್ಲದ ಬಾಲಿಕೆಯರು ಬೆರಳಿನಿಂದ ಓದುವುದನ್ನು ಕಲಿತರು. ಒಬ್ಬೊಬ್ಬಳಿಗೂ ಅವಳವಳ ಕೈಗೆ ತಕ್ಕ ಕೆಲಸ. ಯಾವಳೂ ಕಡೆಯವಳೆಂಬ ಮಾತಿಲ್ಲ.

ನಮ್ಮ ಕನ್ನಡನಾಡಿಗೂ ಆಕೆಯ ಋಣವು ಸಂದಿದೆ. ಮಗಳು ಮನೋರಮಾಬಾಯಿಯವರು ಪದವಿಯನ್ನು ಪಡೆದು ತಾಯಿಗೆ ಬಲಗೈಯಾಗಿದ್ದರು. 1912ರ ಸುಮಾರಿಗೆ, ಆಗ ನಿಜಾಮರ ಆಳ್ವಿಕೆಗೆ ಸೇರಿದ್ದು ವಿದ್ಯೆಯಲ್ಲಿ ಹಿಂದುಳಿದಿದ್ದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ತಾಯಿಮಗಳು ಸೇರಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಮನೋರಮಾಬಾಯಿಯವರೇ ಅದರ ಮುಖ್ಯೋಪಾಧ್ಯಾಯಿನಿಯಾದರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಕೂಸು ಕನ್ನಡ ಮಕ್ಕಳಿಗೆ ಶಾಲೆಯನ್ನು ಕಟ್ಟಿಕೊಟ್ಟಿತು.

ಕೊನೆಯ ವರ್ಷಗಳನ್ನು ರಮಾಬಾಯಿಯವರು ಸತ್ಯವೇದವನ್ನು ಮರಾಠಿಗೆ ಭಾಷಾಂತರಿಸುವುದರಲ್ಲಿ ಕಳೆದರು. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಮಹಾಪಂಡಿತೆಯಾಗಿದ್ದರೂ ಸಂಸ್ಕೃತದ ಪ್ರೌಢ ಪದಗಳನ್ನು ಬಿಟ್ಟು, ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತಿನಲ್ಲಿ ಬರೆದರು; ಮುಕ್ತಿಯ ಸ್ತ್ರೀಯರೇ ಮೊಳೆ ಜೋಡಿಸಿ ಅಚ್ಚುಹಾಕಿದರು. 1919ರಲ್ಲಿ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರ ಜುಲೈಯಲ್ಲಿ ಮನೋರಮಾಬಾಯಿಯವರು ತಾಯಿಗಿಂತ ಮುಂಚೆ ಹೊರಟುಹೋದರು. ಆ ದುಃಖವನ್ನು ಸಹಿಸಿ, ಭಾಷಾಂತರದ ಕೆಲಸವನ್ನು ತೀರಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ಪ್ರಭುವಿನಲ್ಲಿ ನಿದ್ರೆಹೋದರು. ಕೇಡಗಾಂವಿನ ಆಶ್ರಮವು ಇಂದಿಗೂ ನಡೆಯುತ್ತಿದೆ.

ಪ್ರಿಯ ತಂದೆತಾಯಿಗಳೇ, ಹಳೆಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಮನೆಯಲ್ಲಿ ಕಲಿತ ವಿದ್ಯೆಯು ಮಹಾಸಭೆಯಲ್ಲಿಯೂ ನಿಲ್ಲಬಲ್ಲುದು. ಆದರೆ ಕಲಿಸುವವರು ನಸುಕಿನಲ್ಲಿ ಏಳಬೇಕು. ಬಹುಮಾನವು ವಿದ್ಯೆಯ ಹಿಂದೆ ಬರತಕ್ಕದ್ದು. ಬಹುಮಾನದ ಹಿಂದೆ ವಿದ್ಯೆಯನ್ನು ಓಡಿಸಿದರೆ ಎರಡೂ ಉಳಿಯವು. ಒಂದು ಬಾಗಿಲು ಮುಚ್ಚಿದರೆ ಅಲ್ಲಿಯೇ ಕುಳಿತು ಅಳದೆ ಇನ್ನೊಂದನ್ನು ತಟ್ಟಬೇಕು. ಎಲ್ಲಕ್ಕಿಂತಲೂ ಮುಖ್ಯವಾಗಿ, ಸ್ಪರ್ಧೆಯ ಮಂಟಪದೊಳಕ್ಕೆ ಬರುವುದಕ್ಕೇ ಆಗದ ಮಕ್ಕಳು ಹೊರಗೆ ಇರುವರು: ಮನೆಗೆಲಸಕ್ಕೆ ಕಟ್ಟುಬಿದ್ದವರು, ಹಣವಿಲ್ಲದವರು, ರೋಗದಿಂದ ಹಾಸಿಗೆ ಹಿಡಿದವರು, ತಾಯಿಯಿಲ್ಲದವರು. ರಮಾಬಾಯಿಯವರ ಸಂಗಡ ಕ್ಷಾಮದ ಹಾದಿಯಲ್ಲಿ ನಡೆದ ಎಷ್ಟು ಹುಡುಗಿಯರು ಯಾವ ಸಭೆಯನ್ನೂ ಮುಟ್ಟದೆ ಬಿದ್ದುಹೋದರೋ! ತಾನು ಮುಟ್ಟಿದೆನೆಂಬುದನ್ನು ಆಕೆಯು ತನ್ನ ಹೆಚ್ಚಳವೆಂದು ಎಣಿಸದೆ, ಅವರಿಗೆ ತಾನು ತೀರಿಸಬೇಕಾದ ಸಾಲವೆಂದು ಎಣಿಸಿದರು.

ನಮ್ಮ ಶಾಲೆಯಲ್ಲಿ ಪದಕವನ್ನು ಪಡೆದ ಪ್ರತಿಯೊಬ್ಬ ಹುಡುಗಿಯೂ ಬರುವ ವರ್ಷದಲ್ಲಿ ತನ್ನ ಬೀದಿಯ ಇನ್ನೊಬ್ಬ ಮಗುವಿಗೆ ತನಗೆ ತಿಳಿದ ಒಂದು ಪಾಠವನ್ನು ಹೇಳಿಕೊಡುವಳಾದರೆ, ಈ ಸಂಚಿಕೆಯ ಬಹುಮಾನದ ಪಟ್ಟಿಯು ಸಾರ್ಥಕವಾಯಿತೆಂದು ನಾವು ತಿಳಿಯುವೆವು. ದೇವರು ನಮ್ಮ ಮಕ್ಕಳಿಗೆ ಅಂತಹ ಮನಸ್ಸನ್ನು ದಯಪಾಲಿಸಲಿ.